ಎಪ್ಪತ್ತೈದರ ಲೆಕ್ಕ: ಕೃಷ್ಣೆಯ ನೀರು ಅಂಕಿಯಾದ ಕಥೆ

ಕೃಷ್ಣಾ ಕಣಿವೆಯ ರಾಜಕಾರಣವನ್ನು ಅರ್ಧ ಶತಮಾನದಿಂದ ಆಳುತ್ತಿರುವುದು ಒಂದು ಅಂಕಿ: 2060 ಟಿಎಂಸಿ. ನ್ಯಾಯಮೂರ್ತಿ ಆರ್.ಎಸ್. ಬಚಾವತ್ ಅಧ್ಯಕ್ಷತೆಯ ನ್ಯಾಯಮಂಡಳಿ 1973ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಮಹಾಬಲೇಶ್ವರದಿಂದ ವಿಜಯವಾಡದವರೆಗೆ ಕೃಷ್ಣೆಯಲ್ಲಿ ನೆಚ್ಚಿಕೊಂಡು ಹಂಚಬಹುದಾದ ನೀರು ಇಷ್ಟೇ. ಇದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800. ಕೂಡಿಸಿ ನೋಡಿದರೆ ಒಂದು ಟಿಎಂಸಿಯೂ ಆಚೀಚೆ ಆಗುವುದಿಲ್ಲ. ಆಲಮಟ್ಟಿಯ ಗೇಟು ಎಷ್ಟು ಎತ್ತರ ಇರಬೇಕು, ಕೃಷ್ಣಾ ಮೇಲ್ದಂಡೆಯ ಕಾಲುವೆ ಯಾವ ಊರಿನ ತನಕ ಹೋಗಬೇಕು, ರಾಯಲಸೀಮೆಗೆ ನೀರು ಸಿಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗಳೆಲ್ಲ ಈ ಕೂಡಿಸುವ ಲೆಕ್ಕದಿಂದಲೇ ಹುಟ್ಟಿವೆ. ಆದರೆ ಮುಂಗಾರಿನ ನದಿ ಅಂಕಿ ನೋಡಿಕೊಂಡು ಹರಿಯುವುದಿಲ್ಲ. 2060 ಎಂಬುದು ಎಲ್ಲೋ ನಿಂತಿದ್ದ ನೀರನ್ನು ಅಳೆದು ಕಂಡುಕೊಂಡ ಪ್ರಮಾಣವೂ ಅಲ್ಲ. ಎಷ್ಟು ವರ್ಷಗಳ ದಾಖಲೆ ನೋಡಬೇಕು, ಅಳತೆಗೆ ಯಾವ ಸೂತ್ರ ಬಳಸಬೇಕು, ಎಷ್ಟು ವರ್ಷ ನೀರು ಕೈಕೊಟ್ಟರೆ ರೈತ ತಾಳಿಕೊಳ್ಳಬಲ್ಲ ಎಂಬ ಮೂರು ತೀರ್ಮಾನಗಳು ಅದರೊಳಗಿವೆ. ಮೊದಲೆರಡು ಎಂಜಿನಿಯರುಗಳವು, ಮೂರನೆಯದು ಸಮಾಜದ್ದು. ನಮ್ಮ ನದಿ ವಿವಾದಗಳ ಚರಿತ್ರೆಯನ್ನು ಈ ಮೂರನ್ನೂ ಬಿಡಿಸಿ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ದೀರ್ಘಕಾಲದ ಹರಿವಿನ ದಾಖಲೆ ಏರಿಳಿತವನ್ನು ಹೇಳುವ ದಾಖಲೆ, ಅದರಿಂದ ಒಂದೇ ಅಂಕಿಯನ್ನು ಹೆಕ್ಕಿ ಉಳಿದುದನ್ನು ಪಕ್ಕಕ್ಕಿಟ್ಟಲ್ಲೆಲ್ಲ ಜಗಳ ತೀರುವ ಬದಲು ಮುಂದಿನ ತಲೆಮಾರಿಗೆ ದಾಟಿದೆ.

ಲೆಕ್ಕದ ವಿಧಾನ ಸರಳವಾದದ್ದು. ಜೂನ್ ಒಂದರಿಂದ ಮೇ ಮೂವತ್ತೊಂದರವರೆಗಿನ ಅವಧಿಯನ್ನು ಒಂದು ಜಲವರ್ಷ ಎಂದು ಹಿಡಿಯುತ್ತಾರೆ. ಪ್ರತಿ ಜಲವರ್ಷ ನದಿಯಲ್ಲಿ ಬಂದ ಒಟ್ಟು ನೀರನ್ನು ಬರೆದುಕೊಂಡು, ಅತಿ ಹೆಚ್ಚು ನೀರು ಬಂದ ವರ್ಷದಿಂದ ಅತಿ ಕಡಿಮೆ ಬಂದ ವರ್ಷದವರೆಗೆ ಇಳಿಕೆಯ ಕ್ರಮದಲ್ಲಿ ಜೋಡಿಸುತ್ತಾರೆ. ನೂರರಲ್ಲಿ ಎಪ್ಪತ್ತೈದು ವರ್ಷ ಯಾವ ಪ್ರಮಾಣದಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬಂದಿದೆಯೋ ಅದು ಶೇ 75ರ ಅವಲಂಬನೆಯ ನೀರು. ಪಟ್ಟಿಯ ನಡುವಿನಲ್ಲಿ ಸಿಗುವುದು ಶೇ 50ರ ಅವಲಂಬನೆ. ಶೇಕಡಾವಾರು ಏರಿದಷ್ಟೂ ಖಾತರಿ ಹೆಚ್ಚು, ನೀರು ಕಡಿಮೆ; ಇಳಿದಷ್ಟೂ ನೀರು ಹೆಚ್ಚು, ಖಾತರಿ ಕಡಿಮೆ. ಭಾರತದ ಎಂಜಿನಿಯರುಗಳ ವಾಡಿಕೆಯಲ್ಲಿ ನೀರಾವರಿಗೆ ಶೇ 75, ಜಲವಿದ್ಯುತ್ತಿಗೆ ಶೇ 90, ಕುಡಿಯುವ ನೀರಿಗೆ ಹೆಚ್ಚುಕಡಿಮೆ ಪೂರ್ತಿ ನೂರು. ನಾಲ್ಕು ವರ್ಷಕ್ಕೊಮ್ಮೆ ಬೆಳೆ ಒಣಗಿದರೂ ನೀರಾವರಿ ಯೋಜನೆ ಲಾಭದಾಯಕವೇ ಎಂಬ ನಂಬಿಕೆ ಆ 75ರ ಹಿಂದಿದೆ. ಈ ನಂಬಿಕೆಯನ್ನು ಯಾವ ನದಿಯೂ ಕಲಿಸಿದ್ದಲ್ಲ. ಸಾಲ ತೀರಿಸಬೇಕಾದ ರೈತ, ಹೂಡಿದ ಬಂಡವಾಳ ವಾಪಸು ಬರಬೇಕಾದ ಸರ್ಕಾರ, ಇವರಿಬ್ಬರ ನಡುವೆ ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದರು.

ಪಟ್ಟಿ ಮಾಡುವುದಕ್ಕೆ ಮೊದಲು ಅಳತೆ ಬೇಕು. ಕೃಷ್ಣೆಯ ಅಳತೆ ಶುರುವಾದದ್ದು ಹಂಚಿಕೆಯ ಉದ್ದೇಶದಿಂದಲ್ಲ. ಸರ್ ಆರ್ಥರ್ ಕಾಟನ್ ಕಾಲದ ಮದರಾಸು ಎಂಜಿನಿಯರುಗಳು 1850ರ ದಶಕದಲ್ಲಿ ವಿಜಯವಾಡದ ಬಳಿ ನದಿಗೆ ಅಡ್ಡಲಾಗಿ ಆನಿಕಟ್ ಕಟ್ಟಿ, ಎರಡೂ ದಂಡೆಗಳ ಕಾಲುವೆಗಳ ಮೂಲಕ ಮುಖಜಭೂಮಿಗೆ ನೀರು ಹರಿಸಿದರು. ಆ ಕಾಲುವೆಗಳನ್ನು ನಡೆಸಲು ಆನಿಕಟ್ಟಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಉಕ್ಕಿ ಹರಿಯುತ್ತಿದೆ ಎಂದು ದಿನವೂ ಬರೆದಿಡಬೇಕಾಗಿತ್ತು. ಹೀಗೆ ಉಳಿದ ದಾಖಲೆಯ ಬಲದಿಂದ 1894-95ರ ಜಲವರ್ಷದಿಂದ ಮುಂದಕ್ಕೆ ಕೃಷ್ಣೆಯ ವಾರ್ಷಿಕ ಹರಿವಿನ ಸರಣಿ ಸಿಗುತ್ತದೆ. ಉಷ್ಣವಲಯದ ನದಿಯೊಂದಕ್ಕೆ ಇಷ್ಟು ಉದ್ದದ ದಾಖಲೆ ಇರುವುದು ದೊಡ್ಡ ಆಸ್ತಿಯೇ. ಆದರೆ ಆ ದಾಖಲೆಯಲ್ಲಿ ಇರುವುದು ನೀರಿನ ಎತ್ತರ. ಹರಿದ ನೀರಿನ ಪ್ರಮಾಣವನ್ನು ಒಂದು ಗುಣಾಂಕ ಹಾಕಿ ಆಮೇಲೆ ಲೆಕ್ಕಹಾಕಬೇಕು. ಕಟ್ಟೆಯ ನೆತ್ತಿಯ ಆಕಾರ, ಅದರ ಮೇಲಿನ ಹಲಗೆಗಳು, ಕೆಳಬದಿಯ ನೀರಿನ ಮಟ್ಟ, ಇವೆಲ್ಲವೂ ಆ ಗುಣಾಂಕವನ್ನು ಬದಲಿಸುತ್ತವೆ. 2060ರಲ್ಲಿ ಶೇ 2ರಷ್ಟು ತಪ್ಪಾದರೆ 41 ಟಿಎಂಸಿ ಹೆಚ್ಚು ಕಡಿಮೆ ಆಗುತ್ತದೆ. ಕೃಷ್ಣರಾಜಸಾಗರ ತುಂಬಿದಾಗ ಹಿಡಿಯುವುದು ಸುಮಾರು 49 ಟಿಎಂಸಿ ಎಂಬುದನ್ನು ನೆನೆದರೆ, ಗುಣಾಂಕದ ಒಂದು ದಶಮಾಂಶ ಎಷ್ಟು ತಾಲ್ಲೂಕುಗಳ ಹಣೆಬರಹ ಬರೆಯಬಲ್ಲದು ಎಂಬುದು ತಿಳಿಯುತ್ತದೆ. ಸ್ವಾತಂತ್ರ್ಯಾನಂತರದ ತಜ್ಞರು ಈ ಗುಣಾಂಕದ ಮೇಲೆ ವಾದಿಸಿದ್ದು ಸುಮ್ಮನೆ ಅಲ್ಲ.

ಹಂಚಿಕೆಯ ಮೊದಲ ಪ್ರಯತ್ನ 1951ರ ಜುಲೈನಲ್ಲಿ ನಡೆಯಿತು. ಯೋಜನಾ ಆಯೋಗ ದೆಹಲಿಯಲ್ಲಿ ಕರೆದ ಸಭೆಯಲ್ಲಿ ಕೃಷ್ಣೆಯ ಅವಲಂಬಿತ ಹರಿವು 1715 ಟಿಎಂಸಿ ಎಂದು ಹಿಡಿದು ಮುಂಬೈ, ಹೈದರಾಬಾದ್, ಮೈಸೂರು, ಮದರಾಸು ರಾಜ್ಯಗಳಿಗೆ ಪಾಲು ಹಾಕಲಾಯಿತು. ಮೈಸೂರು ಆ ಒಪ್ಪಂದವನ್ನು ಅನುಮೋದಿಸಲಿಲ್ಲ. ಐದೇ ವರ್ಷಗಳಲ್ಲಿ ಭಾಷಾವಾರು ಪುನರ್ವಿಂಗಡಣೆಯಾಗಿ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕಗಳ ಬಯಲುಸೀಮೆ ಮೈಸೂರಿಗೆ ಸೇರಿ, ಕೃಷ್ಣೆಯ ದಂಡೆಯ ಮೇಲೆ ಹಕ್ಕು ಕೇಳುವವರ ನಕ್ಷೆಯೇ ಬದಲಾಯಿತು. 1961ರಲ್ಲಿ ಕೇಂದ್ರ ಸರ್ಕಾರ ಎನ್.ಡಿ. ಗುಲಾಟಿ ಅಧ್ಯಕ್ಷತೆಯಲ್ಲಿ ಕೃಷ್ಣಾ-ಗೋದಾವರಿ ಆಯೋಗವನ್ನು ನೇಮಿಸಿತು. ಮರುವರ್ಷ ಬಂದ ಅದರ ವರದಿ ಸರ್ಕಾರಿ ವರದಿಗಳಲ್ಲಿ ಅಪರೂಪವಾದ ಒಂದು ಮಾತನ್ನು ನೇರವಾಗಿ ಹೇಳಿತು: ಕೈಯಲ್ಲಿರುವ ದಾಖಲೆ ಸಾಲದು, ಇನ್ನಷ್ಟು ಕಡೆ ಇನ್ನಷ್ಟು ಕಾಲ ಅಳೆಯದೆ ಅವಲಂಬಿತ ಹರಿವನ್ನು ಖಚಿತವಾಗಿ ಹೇಳಲಾಗದು. ಕೃಷ್ಣೆಯ ಉದ್ದಕ್ಕೂ, ಉಪನದಿಗಳ ಮೇಲೂ ಕೇಂದ್ರದ ಅಳತೆ ಕೇಂದ್ರಗಳು ಹೆಚ್ಚಿದ್ದು ಆ ದಶಕದಲ್ಲಿ. ಆದರೆ ರಾಜಕಾರಣಕ್ಕೆ ಕಾಯುವ ಸಹನೆ ಇರಲಿಲ್ಲ. ಆಗಲೇ ನಾಗಾರ್ಜುನಸಾಗರ ಮೇಲೇಳುತ್ತಿತ್ತು, ಕೊಯ್ನಾದಿಂದ ನೀರು ಪಶ್ಚಿಮದ ಕಡೆಗೆ ತಿರುಗಿತ್ತು, ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತ್ತು.

1969ರ ಏಪ್ರಿಲಿನಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿಯ ಮುಂದೆ 78 ವರ್ಷಗಳ ಸರಣಿ ಇತ್ತು: 1894-95ರಿಂದ 1971-72. ಅದರಲ್ಲಿ ಇದ್ದದ್ದು ವಿಜಯವಾಡದಲ್ಲಿ ಕಂಡ ನೀರು ಮಾತ್ರವಲ್ಲ. ಮೇಲ್ಭಾಗದ ಅಣೆಕಟ್ಟು, ಕಾಲುವೆ, ಕೆರೆಗಳಲ್ಲಿ ಬಳಕೆಯಾದದ್ದನ್ನೂ ಕೂಡಿಸಿ, ಮನುಷ್ಯ ಕೈಹಾಕದಿದ್ದರೆ ಎಷ್ಟು ಹರಿಯುತ್ತಿತ್ತು ಎಂದು ಕಂಡುಕೊಳ್ಳಬೇಕಿತ್ತು. ಬಳಕೆಯ ಅಂಕಿಗಳನ್ನು ಒದಗಿಸುವವರು ಹಂಚಿಕೆಯಲ್ಲಿ ಪಾಲು ಕೇಳುವ ರಾಜ್ಯಗಳೇ ಆಗಿದ್ದರಿಂದ, ಪ್ರತಿ ಸಂಖ್ಯೆಯ ಹಿಂದೆಯೂ ಒಬ್ಬ ವಕೀಲ ನಿಂತಿದ್ದ. ಕೊನೆಗೆ ಶೇ 75ರ ಅವಲಂಬನೆಯ ನೀರು 2060 ಎಂಬುದಕ್ಕೆ ಮೂರೂ ರಾಜ್ಯಗಳು ಒಪ್ಪಿದವು. ಇದು ಗಮನಿಸಬೇಕಾದ ಅಂಶ. ಇಷ್ಟು ಪ್ರಸಿದ್ಧವಾದ ಅಂಕಿ ಅರ್ಧ ಗಣಿತ, ಅರ್ಧ ರಾಜಿ. ಇದರ ಮೇಲೆ ನ್ಯಾಯಮಂಡಳಿ ಇನ್ನೊಂದು ಲೆಕ್ಕ ಸೇರಿಸಿತು: ಹೊಲಗಳಿಗೆ ಹಾಯಿಸಿದ ನೀರಿನ ಒಂದಂಶ ಬಸಿದು ಮತ್ತೆ ನದಿಗೇ ಸೇರುತ್ತದೆ. ಹಾಗೆ ಮರಳಿ ಬರುವ 70 ಟಿಎಂಸಿಯಲ್ಲಿ ಕರ್ನಾಟಕಕ್ಕೆ 34, ಮಹಾರಾಷ್ಟ್ರಕ್ಕೆ 25, ಆಂಧ್ರಕ್ಕೆ 11. ಹೀಗೆ ಕರ್ನಾಟಕದ ಪಾಲು 734 ಆಯಿತು, ಒಟ್ಟು ಮೊತ್ತ 2130.

ಶೇ 75 ಎಂದರೆ ನಾಲ್ಕರಲ್ಲಿ ಮೂರು ವರ್ಷ ಅದಕ್ಕಿಂತ ಹೆಚ್ಚು ನೀರು ಬರುತ್ತದೆ ಎಂದೇ ಅರ್ಥ. ಆ ಹೆಚ್ಚುವರಿ ನೀರು ಯಾರದು? ಬಚಾವತ್ ತೀರ್ಪಿನ ನಿಜವಾದ ಪರೀಕ್ಷೆ ಇದ್ದದ್ದು ಇಲ್ಲಿ. ನ್ಯಾಯಮಂಡಳಿ ಎರಡು ದಾರಿಗಳನ್ನು ಬರೆಯಿತು. ನಮ್ಮಲ್ಲಿ ಎ ಸ್ಕೀಂ, ಬಿ ಸ್ಕೀಂ ಎಂದೇ ಹೆಸರಾದವು ಇವೇ. ಎ ಸ್ಕೀಂನಲ್ಲಿ ನಿಗದಿತ ಪಾಲು ಮಾತ್ರ. ಮಿಕ್ಕಿದ್ದನ್ನು ಕೆಳಭಾಗದ ಆಂಧ್ರ ಬಳಸಿಕೊಳ್ಳಬಹುದು, ಆದರೆ ಅದರ ಮೇಲೆ ಹಕ್ಕು ಸ್ಥಾಪಿಸುವಂತಿಲ್ಲ. ಬಿ ಸ್ಕೀಂನಲ್ಲಿ ಕೃಷ್ಣಾ ಕಣಿವೆ ಪ್ರಾಧಿಕಾರವೊಂದು ಇರುತ್ತದೆ. ಹೆಚ್ಚುವರಿ ನೀರಿನಲ್ಲಿ ಕರ್ನಾಟಕಕ್ಕೆ ಶೇ 50, ಮಹಾರಾಷ್ಟ್ರ ಮತ್ತು ಆಂಧ್ರಕ್ಕೆ ತಲಾ ಶೇ 25. ಕೊರತೆಯ ವರ್ಷದಲ್ಲಿ ನಷ್ಟವನ್ನೂ ಪಾಲಿನ ಪ್ರಕಾರ ಹಂಚಿಕೊಳ್ಳಬೇಕು. ಅಂಕಿಅಂಶದ ಕಣ್ಣಿನಿಂದ ನೋಡಿದರೆ ಎರಡರ ನಡುವೆ ಆಳವಾದ ಅಂತರವಿದೆ. ಎ ಸ್ಕೀಂ 78 ವರ್ಷಗಳ ಪಟ್ಟಿಯಿಂದ ಒಂದು ಸಾಲನ್ನು ಆರಿಸಿಕೊಂಡು ಉಳಿದುದನ್ನು ಮಡಚಿಟ್ಟಿತು. ಬಿ ಸ್ಕೀಂ ಪಟ್ಟಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಯಾವ ವರ್ಷ ಬಂದರೂ ಏನು ಮಾಡಬೇಕೆಂದು ಹೇಳಿತು. ಆದರೆ ಪ್ರಾಧಿಕಾರ ರಚಿಸಲು ರಾಜ್ಯಗಳ ಒಪ್ಪಿಗೆ ಅಥವಾ ಸಂಸತ್ತಿನ ಕಾನೂನು ಬೇಕಿತ್ತು, ಎರಡೂ ಬರಲಿಲ್ಲ. 1976ರ ಮೇ 31ರಂದು ಗೆಜೆಟ್ಟಿನಲ್ಲಿ ಪ್ರಕಟವಾಗಿ ಜಾರಿಗೆ ಬಂದದ್ದು ಎ ಸ್ಕೀಂ.

ಮುಂದಿನ ಕಾಲು ಶತಮಾನದಲ್ಲಿ ನಡೆದದ್ದು ಆ ಆಯ್ಕೆಯ ಫಲ. ಹಕ್ಕಿಲ್ಲದ ನೀರಿನ ಮೇಲೆ ಆಂಧ್ರ ಯೋಜನೆಗಳನ್ನು ಹೂಡಿತು: ತೆಲುಗು ಗಂಗಾ, ಗಾಲೇರು-ನಗರಿ, ಹಂದ್ರಿ-ನೀವಾ, ವೆಲಿಗೊಂಡ. ಬರಪೀಡಿತ ರಾಯಲಸೀಮೆಗೆ ನೀರು ಕೊಡುವುದು ಅನ್ಯಾಯವೇನಲ್ಲ. ಆದರೆ ಕಾಲುವೆ ಒಮ್ಮೆ ಹರಿದ ಮೇಲೆ, ಅದರ ಮೇಲೆ ತೋಟ ಎದ್ದ ಮೇಲೆ, ಈ ನೀರು ತಾತ್ಕಾಲಿಕ ಎಂದು ರೈತನಿಗೆ ಹೇಳಲು ಯಾವ ಸರ್ಕಾರಕ್ಕೂ ಬಾಯಿ ಬರುವುದಿಲ್ಲ. ಇತ್ತ ಕರ್ನಾಟಕ 734 ಟಿಎಂಸಿಯ ಪಾಲನ್ನು ಬಳಸಿಕೊಳ್ಳಲು ಬೇಕಾದ ಕಾಲುವೆಗಳನ್ನು ಕಟ್ಟುವುದರಲ್ಲಿ ಬಹಳ ಹಿಂದುಳಿಯಿತು. ಆಲಮಟ್ಟಿ ಮುಗಿಯಲು ದಶಕಗಳೇ ಹಿಡಿದವು. ಬಿ ಸ್ಕೀಂ ಜಾರಿಯಾಗಲಿ ಎಂದು ಕರ್ನಾಟಕವೂ, ಆಲಮಟ್ಟಿಯ ಎತ್ತರದ ವಿರುದ್ಧ ಆಂಧ್ರವೂ 1997ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವು. 2000ದ ಏಪ್ರಿಲ್ 25ರ ತೀರ್ಪಿನಲ್ಲಿ ಕೋರ್ಟು ಬಿ ಸ್ಕೀಂ ಜಾರಿ ಮಾಡಬಹುದಾದ ತೀರ್ಪಿನ ಭಾಗವಲ್ಲ ಎಂದು ಕರ್ನಾಟಕದ ದಾವೆಯನ್ನು ತಳ್ಳಿಹಾಕಿತು. ಆಲಮಟ್ಟಿಯ ಎತ್ತರವನ್ನು ಸದ್ಯಕ್ಕೆ 519.6 ಮೀಟರಿಗೆ ಮಿತಿಗೊಳಿಸಿ, ಮಿಕ್ಕ ಪ್ರಶ್ನೆಯನ್ನು ಹೊಸ ನ್ಯಾಯಮಂಡಳಿಗೆ ಬಿಟ್ಟಿತು. 2000ದ ಮೇ 31ರ ನಂತರ ಮರುಪರಿಶೀಲನೆ ಕೇಳಬಹುದು ಎಂದು ಬಚಾವತ್ ತೀರ್ಪಿನಲ್ಲೇ ಬರೆದಿತ್ತು. ತನ್ನ ಅಂಕಿ ಚಿರಕಾಲದ್ದಲ್ಲ ಎಂಬ ಅರಿವು ಅದನ್ನು ಬರೆದವರಿಗಿತ್ತು.

2004ರಲ್ಲಿ ರಚನೆಯಾದ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಾಗ ನದಿ ಬೇರೆಯೇ ಕಾಣಿಸಿತು. ಅದು ಆಧಾರವಾಗಿ ಹಿಡಿದದ್ದು 1961-62ರಿಂದ 2007-08ರವರೆಗಿನ 47 ವರ್ಷಗಳ ಸರಣಿ. ಇದರ ಪ್ರಕಾರ ಶೇ 75ರ ಅವಲಂಬನೆಯಲ್ಲಿ 2173 ಟಿಎಂಸಿ, ಶೇ 65ರಲ್ಲಿ 2293, ಸರಾಸರಿ 2578. ಬಚಾವತ್ ಹಂಚಿದ್ದ 2130ನ್ನು ಮುಟ್ಟದೆ, ಅದರ ಮೇಲೆ ಶೇ 65ರ ಮಟ್ಟದವರೆಗಿನ 163 ಟಿಎಂಸಿ ಮತ್ತು ಅಲ್ಲಿಂದ ಸರಾಸರಿಯವರೆಗಿನ 285 ಟಿಎಂಸಿ, ಹೀಗೆ ಒಟ್ಟು 448 ಟಿಎಂಸಿಯನ್ನು ಹೊಸದಾಗಿ ಹಂಚಿತು. ಕರ್ನಾಟಕದ ಒಟ್ಟು ಪಾಲು 911ಕ್ಕೆ ಏರಿ, 2013ರ ನವೆಂಬರಿನ ಅಂತಿಮ ವರದಿಯಲ್ಲಿ 907 ಆಯಿತು. ಆಂಧ್ರಕ್ಕೆ 1005, ಮಹಾರಾಷ್ಟ್ರಕ್ಕೆ 666. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಅನುಮತಿಯೂ ಸಿಕ್ಕಿತು. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ 130 ಟಿಎಂಸಿ ಬರುವುದು ಇದೇ ಹೊಸ ನೀರಿನಿಂದ. ಹಾಗಾದರೆ ಕೃಷ್ಣೆಯಲ್ಲಿ ನೀರು ಹೆಚ್ಚಾಯಿತೇ? ಹಾಗೆಂದು ಹೇಳಲು ಬರುವುದಿಲ್ಲ. ಶೇ 75ರ ಅಂಕಿ 2060ರಿಂದ 2173ಕ್ಕೆ ಏರಿದ್ದು ವರ್ಷಗಳ ಪಟ್ಟಿ ಬದಲಾದ್ದರಿಂದ; ಅಲ್ಲಿಂದ 2578ರವರೆಗಿನ ಏರಿಕೆ ನಾವು ಗೆರೆ ಎಳೆದ ಜಾಗ ಬದಲಾದ್ದರಿಂದ. ಹೊಸದಾಗಿ ಹಂಚಿದ ನೀರಿನ ಬಹುಪಾಲು ಹಿಂದೆಯೂ ನದಿಯಲ್ಲಿ ಇತ್ತು; ಕಾನೂನಿನ ಲೆಕ್ಕದಲ್ಲಿ ಇರಲಿಲ್ಲ.

ಇಲ್ಲಿ ಆಂಧ್ರದ ಆಕ್ಷೇಪಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಅವು ಕನ್ನಡಿಗರಿಗೆ ಹಿತವಲ್ಲದಿದ್ದರೂ. ಮೊದಲನೆಯದು: 1894ರಿಂದ 2008ರವರೆಗೆ 114 ವರ್ಷಗಳ ಸರಣಿ ಜೋಡಿಸಬಹುದಾಗಿರುವಾಗ 47 ವರ್ಷಗಳಿಗೆ ನಿಲ್ಲುವುದೇಕೆ? ದಾಖಲೆ ಉದ್ದವಾದಷ್ಟೂ ಒಳ್ಳೆಯದು ಎಂಬುದು ಈ ಶಾಸ್ತ್ರದ ಮೊದಲ ಪಾಠ. ಈಜಿಪ್ಟಿನಲ್ಲಿ ಬದುಕಿನ ಬಹುಭಾಗ ಕಳೆದ ಬ್ರಿಟಿಷ್ ಜಲವಿಜ್ಞಾನಿ ಹೆರಾಲ್ಡ್ ಹರ್ಸ್ಟ್ 1951ರಲ್ಲಿ ತೋರಿಸಿದ್ದು ಇದನ್ನೇ ಇನ್ನೂ ಮೊನಚಾಗಿ. ಕೈರೋದ ರೋಡಾ ದ್ವೀಪದ ನೈಲ್ ಮಾಪಕದಲ್ಲಿ ಕ್ರಿ.ಶ. 622ರಿಂದ ದಾಖಲೆಗಳಿವೆ. ಅವನ್ನೂ ಇತರ ದೀರ್ಘ ಸರಣಿಗಳನ್ನೂ ಪರಿಶೀಲಿಸಿದ ಅವರಿಗೆ, ತೇವದ ವರ್ಷಗಳು ತೇವದ ವರ್ಷಗಳ ಜೊತೆ, ಬರದ ವರ್ಷಗಳು ಬರದ ವರ್ಷಗಳ ಜೊತೆ ದೀರ್ಘಕಾಲ ಗುಂಪುಗೂಡುತ್ತವೆ ಎಂಬುದು ಕಂಡಿತು. ನಾಲ್ಕೈದು ದಶಕಗಳ ದಾಖಲೆ ಇಂಥ ಒಂದೇ ಗುಂಪಿನೊಳಗೆ ಸಿಕ್ಕಿಕೊಂಡಿರಬಹುದು. ಅಮೆರಿಕದ ಕೊಲರಾಡೊ ನದಿಯಲ್ಲಿ ಆದದ್ದು ಇದೇ. 1922ರ ಒಪ್ಪಂದ ಮಾಡಿದವರು ಎರಡು ಮೂರು ದಶಕಗಳ, ಅದೂ ಬಹಳ ಮಳೆಯ ಕಾಲದ ದಾಖಲೆಯನ್ನು ನೆಚ್ಚಿ ಮೇಲಿನ ಮತ್ತು ಕೆಳಗಿನ ಕಣಿವೆಗಳಿಗೆ ತಲಾ 75 ಲಕ್ಷ ಎಕರೆ-ಅಡಿ ನೀರು ಹಂಚಿದರು; ನಮ್ಮ ಲೆಕ್ಕದಲ್ಲಿ ಒಟ್ಟು ಸುಮಾರು 653 ಟಿಎಂಸಿ. 1976ರಲ್ಲಿ ಸ್ಟಾಕ್‌ಟನ್ ಮತ್ತು ಜಾಕೋಬಿ ಎಂಬ ವಿಜ್ಞಾನಿಗಳು ಮರಗಳ ವಾರ್ಷಿಕ ಉಂಗುರಗಳಿಂದ ಶತಮಾನಗಳ ಹರಿವನ್ನು ಅಂದಾಜಿಸಿದಾಗ ದೀರ್ಘಕಾಲದ ಸರಾಸರಿ 588 ಟಿಎಂಸಿಯ ಆಸುಪಾಸು ಬಂತು. ಇಲ್ಲದ ನೀರನ್ನು ಹಂಚಿದ ಆ ಒಪ್ಪಂದದ ಬಿಸಿ ಇಂದಿಗೂ ಏಳು ರಾಜ್ಯಗಳಿಗೆ ತಟ್ಟುತ್ತಿದೆ.

ಹೀಗಿದ್ದೂ ಬರೀ ಉದ್ದವೇ ಗುಣವಲ್ಲ. ಗುಲಾಟಿ ಆಯೋಗ ಅನುಮಾನಿಸಿದ ಆನಿಕಟ್ಟಿನ ಅಳತೆಯನ್ನೂ ಆಮೇಲಿನ ನೇರ ಅಳತೆಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ, ವ್ಯತ್ಯಾಸ ನದಿಯದೋ ಅಳತೆಯದೋ ಗೊತ್ತಾಗುವುದಿಲ್ಲ. ಚಿಕ್ಕದಾದರೂ ನಂಬಬಹುದಾದ ಸರಣಿಯನ್ನು ಆರಿಸುವುದು ತಪ್ಪಲ್ಲ. ಹಾಗೆ ಆರಿಸಿದ ಮೇಲೆ ಅದರಿಂದ ಬಂದ ಅಂಕಿಯ ಆಚೀಚೆ ಎಷ್ಟು ಅನಿಶ್ಚಿತತೆ ಇದೆ ಎಂದು ಹೇಳದೆ 2578 ಎಂದು ಕೊನೆಯ ಅಂಕಿಯವರೆಗೆ ಖಚಿತವಾಗಿ ಬರೆಯುವುದು ತಪ್ಪು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಸರಾಸರಿಯವರೆಗೂ ಹಂಚಿಬಿಟ್ಟರೆ ಕೊರತೆಯ ವರ್ಷದಲ್ಲಿ ಮೇಲಿನವರು ಮೊದಲು ತುಂಬಿಕೊಳ್ಳುತ್ತಾರೆ, ಕೆಳಗಿನವರಿಗೆ ಬರುವುದು ಉಳಿಕೆ ಮಾತ್ರ. ಈ ಭಯಕ್ಕೆ ಆಧಾರವಿದೆ. ಈ ಶತಮಾನದ ಮೊದಲ ವರ್ಷಗಳ ಬರಗಾಲದಲ್ಲಿ ಕೃಷ್ಣೆಯಿಂದ ಬಂಗಾಳ ಕೊಲ್ಲಿಗೆ ಸೇರಿದ ನೀರು ಹೇಳಿಕೊಳ್ಳುವಷ್ಟೇನೂ ಇರಲಿಲ್ಲ; ಮುಖಜಭೂಮಿಯ ಭತ್ತದ ಗದ್ದೆಗಳು ಒಣಗಿದವು. ಅದೇ ನದಿ 2009ರ ಅಕ್ಟೋಬರಿನಲ್ಲಿ ಉಕ್ಕಿ ರಾಯಚೂರಿನಿಂದ ಕರ್ನೂಲಿನವರೆಗೆ ಊರುಗಳನ್ನು ಮುಳುಗಿಸಿತು. ಆದರೆ ಈ ಆಕ್ಷೇಪಕ್ಕೆ ಉತ್ತರ ಶೇ 75ಕ್ಕೆ ಹಿಂತಿರುಗುವುದರಲ್ಲಿ ಇಲ್ಲ. ಶೇ 75ರ ಹಂಚಿಕೆಯಲ್ಲಿಯೂ ನಾಲ್ಕನೆಯ ವರ್ಷದ ಬರಕ್ಕೆ ಉತ್ತರವಿರಲಿಲ್ಲ. ಕಡಿಮೆ ನೀರು ಹಂಚಿದ್ದರಿಂದ ಬರ ತಪ್ಪಲಿಲ್ಲ, ಬಂದ ನೀರು ಯಾರದೆಂಬ ಗೊಂದಲವಷ್ಟೇ ಹೆಚ್ಚಾಯಿತು. ಬೇಕಾಗಿರುವುದು ಕೊರತೆಯನ್ನೂ ಹಂಚುವ ನಿಯಮ. ಅದನ್ನು ಬಿ ಸ್ಕೀಂ ಬರೆದು ಅರ್ಧ ಶತಮಾನವಾಯಿತು.

ಕಾವೇರಿಯ ಚರಿತ್ರೆ ಈ ವಾದಕ್ಕೆ ಇನ್ನೊಂದು ಕಡೆಯಿಂದ ಸಾಕ್ಷಿ ಹೇಳುತ್ತದೆ. ಅಲ್ಲಿ ನ್ಯಾಯಮಂಡಳಿ ಆರಿಸಿದ್ದು ಶೇ 50ರ ಅವಲಂಬನೆ: ಕೆಳ ಕೊಳ್ಳಿಡಂ ಆನಿಕಟ್ಟಿನ ಬಳಿ 740 ಟಿಎಂಸಿ. ಶೇ 75 ಎಂದು ಹಿಡಿದಿದ್ದರೆ ಸುಮಾರು 670 ಆಗುತ್ತಿತ್ತು. ಒಂದೇ ದೇಶ, ಒಂದೇ ಕಾನೂನು, ಅಕ್ಕಪಕ್ಕದ ಎರಡು ಕಣಿವೆಗಳು. ಅಳತೆಗೋಲು ಮಾತ್ರ ಬೇರೆ. 2007ರ ಫೆಬ್ರುವರಿಯ ಆ ಅಂತಿಮ ತೀರ್ಪಿಗೆ ಬುನಾದಿಯಾದ ಸರಣಿ ಮೆಟ್ಟೂರು ಜಲಾಶಯ ಶುರುವಾದ 1934-35ರಿಂದ 1971-72ರವರೆಗಿನ 38 ವರ್ಷಗಳದ್ದು. ಅಂದರೆ ತೀರ್ಪು ಬರುವ ಹೊತ್ತಿಗೆ ಅದರ ಆಧಾರದ ದಾಖಲೆ ಮುಗಿದು ಮೂವತ್ತೈದು ವರ್ಷಗಳಾಗಿದ್ದವು. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 192ರಿಂದ 177.25ಕ್ಕೆ ಇಳಿಸಿತು, 740 ಎಂಬ ಅಂಕಿ ಹಾಗೆಯೇ ಉಳಿಯಿತು. ಆಮೇಲೆ ನದಿ ನಡೆದುಕೊಂಡ ರೀತಿ ನೋಡಿ: 2022-23ರಲ್ಲಿ ಬಿಳಿಗುಂಡ್ಲು ದಾಟಿದ ನೀರು 600 ಟಿಎಂಸಿಗೂ ಹೆಚ್ಚು, ಮರುವರ್ಷ ಅದು 100 ಟಿಎಂಸಿಯನ್ನೂ ಮುಟ್ಟಲಿಲ್ಲ. ಆ ಎರಡನೆಯ ವರ್ಷ ಮಂಡ್ಯದಲ್ಲಿ ರಸ್ತೆ ತಡೆ, ಬೆಂಗಳೂರಿನಲ್ಲಿ ಬಂದ್. ಸಾಮಾನ್ಯ ವರ್ಷದಲ್ಲಿ ಯಾರಿಗೆ ಎಷ್ಟು ಎಂದು ತೀರ್ಪು ಚೆನ್ನಾಗಿಯೇ ಹೇಳಿದೆ. ಕೊರತೆಯ ವರ್ಷದಲ್ಲಿ ಪಾಲಿನ ಪ್ರಮಾಣಕ್ಕೆ ತಕ್ಕಂತೆ ಕಡಿತವಾಗಬೇಕು ಎಂದೂ ಹೇಳಿದೆ. ಆದರೆ ಆ ಕಡಿತವನ್ನು ಯಾವ ತಿಂಗಳು, ಯಾವ ಜಲಾಶಯದ ಮಟ್ಟ ನೋಡಿ, ಹೇಗೆ ಲೆಕ್ಕ ಹಾಕಬೇಕೆಂಬ ಸಂಕಷ್ಟ ಸೂತ್ರ ಎಲ್ಲ ಕಡೆಯವರೂ ಒಪ್ಪುವ ರೂಪದಲ್ಲಿ ಇರಲಿಲ್ಲ. ಜಗಳ ಯಾವಾಗಲೂ ಪಟ್ಟಿಯ ಕೆಳತುದಿಯಲ್ಲಿ ಹುಟ್ಟುತ್ತದೆ. ನಾವು ವಕೀಲರನ್ನು ಇಟ್ಟು ವಾದಿಸುವುದು ಪಟ್ಟಿಯ ನಡುವಿನ ಬಗ್ಗೆ.

ಒಂದು ಅಂಕಿಗೆ ಗಂಟುಬೀಳುವುದರಲ್ಲಿ ತಪ್ಪೇನು, ವಿವಾದ ಎಲ್ಲಾದರೂ ಮುಗಿಯಬೇಕಲ್ಲ ಎಂದು ಕೇಳಬಹುದು. ಕಾನೂನಿಗೆ ನಿಶ್ಚಿತತೆ ಬೇಕು, ನಿಜ. ಪ್ರತಿ ವರ್ಷ ಪಾಲು ಬದಲಾದರೆ ಅಣೆಕಟ್ಟು ಕಟ್ಟಲು ಯಾರೂ ಸಾಲ ಕೊಡುವುದಿಲ್ಲ. ಆದರೆ ನಿಶ್ಚಿತವಾಗಿ ಇರಬೇಕಾದದ್ದು ಹಂಚುವ ನಿಯಮ. ನೀರನ್ನು ನಿಶ್ಚಿತಗೊಳಿಸುವುದು ಯಾವ ಕೋರ್ಟಿನ ಕೈಯಲ್ಲೂ ಇಲ್ಲ. ನರ್ಮದೆಯ ಉದಾಹರಣೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ರಾಜ್ಯಗಳ ರಾಜಿಯ ಮೇರೆಗೆ 1979ರ ತೀರ್ಪಿನಲ್ಲಿ ಆ ನದಿಯ ಶೇ 75ರ ಅವಲಂಬಿತ ನೀರು 280 ಲಕ್ಷ ಎಕರೆ-ಅಡಿ ಎಂದು ನಿಗದಿಯಾಯಿತು. ಆಮೇಲೆ ಸಿಕ್ಕ ಅಳತೆಗಳು ಸುಮಾರು 230 ಲಕ್ಷದ ಕಡೆಗೆ ಬೆರಳು ಮಾಡಿದವು. ಆದರೂ ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಕೆದಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಕಾಗದದಲ್ಲಿ ಉಳಿದ ಆ 50 ಲಕ್ಷ ಎಕರೆ-ಅಡಿ ಯಾವ ಹೊಲಕ್ಕೂ ಹರಿಯುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ: ಹವಾಮಾನವೇ ಬದಲಾಗುತ್ತಿರುವಾಗ ನೂರು ವರ್ಷದ ಹಳೆಯ ಲೆಕ್ಕದಿಂದ ಏನು ಪ್ರಯೋಜನ? ಹಿಂದಿನಂತೆಯೇ ಮುಂದೂ ಇರುತ್ತದೆ ಎಂಬ ಊಹೆ ಸತ್ತಿದೆ ಎಂದು ಜಲವಿಜ್ಞಾನಿಗಳು 2008ರಲ್ಲೇ ಸಾರಿದ್ದಾರೆ. ಆದರೆ ಬದಲಾವಣೆಯನ್ನು ಗುರುತಿಸುವುದಕ್ಕೂ ಹಳೆಯ ಲೆಕ್ಕವೇ ಬೇಕು. ಮುಂಗಾರು ತಡವಾಗುತ್ತಿದೆಯೋ, ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತಿದೆಯೋ, ಬೇಸಿಗೆಯ ಹರಿವು ಕುಗ್ಗಿದ್ದು ಮಳೆಯಿಂದಲೋ ಕೊಳವೆಬಾವಿಗಳಿಂದಲೋ ಎಂದು ಹೇಳಲು ದಿನದಿನದ ದೀರ್ಘ ದಾಖಲೆಯ ಹೊರತು ಬೇರೆ ಸಾಧನವಿಲ್ಲ. ವಾರ್ಷಿಕ ಮೊತ್ತ ಒಂದನ್ನೇ ನೋಡುವ ನಮ್ಮ ನ್ಯಾಯಮಂಡಳಿಗಳ ರೂಢಿ ಇಲ್ಲಿ ಸೋಲುತ್ತದೆ. ಅಕ್ಟೋಬರಿನ ಪ್ರವಾಹದಲ್ಲಿ ಬಂದ ನೂರು ಟಿಎಂಸಿ, ಜೂನಿನ ಬಿತ್ತನೆಗೆ ಬಂದ ನೂರು ಟಿಎಂಸಿ, ಎರಡೂ ಮೊತ್ತದಲ್ಲಿ ಒಂದೇ. ಹೊಲದಲ್ಲಿ ಒಂದೇ ಅಲ್ಲ.

ಇಷ್ಟೆಲ್ಲ ಆದ ಮೇಲೆ ಕೃಷ್ಣೆಯ ಸ್ಥಿತಿ ಏನು? ಬ್ರಿಜೇಶ್ ಕುಮಾರ್ ತೀರ್ಪು ಸುಪ್ರೀಂ ಕೋರ್ಟಿನ 2011ರ ತಡೆಯಿಂದಾಗಿ ಗೆಜೆಟ್ಟಿನಲ್ಲಿ ಪ್ರಕಟವಾಗಿಲ್ಲ. ಆಂಧ್ರ ವಿಭಜನೆಯಾಗಿ, 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತೆಲಂಗಾಣ ಮತ್ತು ಆಂಧ್ರಗಳ ನಡುವಿನ ಹಂಚಿಕೆಯನ್ನೂ ಅದೇ ನ್ಯಾಯಮಂಡಳಿಗೆ ವಹಿಸಿತು. ಹೊಸ ತೀರ್ಪಿನ ಮರುಪರಿಶೀಲನೆಗೆ ಗೊತ್ತುಮಾಡಿದ ದಿನ 2050ರ ಮೇ 31. ಮೊದಲು ಜಾರಿಯೇ ಆಗದ ತೀರ್ಪಿನ ಮರುಪರಿಶೀಲನೆಗೆ ಇನ್ನು ಕಾಲು ಶತಮಾನವೂ ಉಳಿದಿಲ್ಲ. ಗೆಜೆಟ್ ಅಧಿಸೂಚನೆಗಾಗಿ ಕರ್ನಾಟಕ ಹೋರಾಡುವುದು ನ್ಯಾಯವೇ. ಅದರ ಜೊತೆಗೇ ನಾವು ಕೇಳಬೇಕಾದ ಮೂರು ಸಂಗತಿಗಳಿವೆ. ಕಣಿವೆಯ ಪ್ರತಿ ಅಳತೆ ಕೇಂದ್ರದ ದಿನದ ಹರಿವು ಮತ್ತು ಪ್ರತಿ ರಾಜ್ಯದ ಬಳಕೆಯ ಲೆಕ್ಕ ಯಾರು ಬೇಕಾದರೂ ನೋಡುವಂತೆ ಒಂದೇ ಕಡೆ ಪ್ರಕಟವಾಗಬೇಕು. ಹತ್ತು ವರ್ಷಕ್ಕೊಮ್ಮೆ ಸರಣಿಯನ್ನು ಹೊಸ ವರ್ಷಗಳೊಂದಿಗೆ ಮತ್ತೆ ಲೆಕ್ಕಹಾಕಿ, ಅನಿಶ್ಚಿತತೆಯ ಸಮೇತ ಜನರ ಮುಂದಿಡಬೇಕು. ಕೊರತೆಯ ವರ್ಷದ ಹಂಚಿಕೆಯನ್ನು ತಿಂಗಳುವಾರು ಪಟ್ಟಿಯಾಗಿ, ಮಳೆ ಚೆನ್ನಾಗಿರುವ ವರ್ಷದಲ್ಲೇ, ಯಾರ ಗಂಟಲೂ ಒಣಗಿಲ್ಲದಾಗಲೇ ಒಪ್ಪಿಕೊಂಡಿರಬೇಕು. ಇವು ಮೂರೂ ಕೆಳಭಾಗದ ರಾಜ್ಯಗಳಿಗೂ ಅಷ್ಟೇ ಲಾಭ. ಪಾಲು ಎಷ್ಟೆಂದು ತಿಳಿದಿದ್ದೂ, ನೀರು ಕಡಿಮೆಯಾದಾಗ ಏನು ಮಾಡಬೇಕೆಂದು ತಿಳಿಯದ ಹಂಚಿಕೆ ಅರ್ಧ ಹಂಚಿಕೆ. 78 ವರ್ಷಗಳ ದಾಖಲೆಯಿಂದ ಒಂದೇ ಅಂಕಿಯನ್ನು ಹೊರತೆಗೆದುದರ ಬೆಲೆಯನ್ನು ಕೃಷ್ಣಾ ಕಣಿವೆ ಐವತ್ತು ವರ್ಷಗಳಿಂದ ತೆರುತ್ತಿದೆ. 47 ವರ್ಷಗಳ ದಾಖಲೆಯಿಂದ ಇನ್ನೊಂದು ಅಂಕಿಯನ್ನು ತೆಗೆದು ಅಲ್ಲಿಗೇ ನಿಲ್ಲಿಸಿದರೆ ಇನ್ನೂ ಐವತ್ತು ವರ್ಷ ತೆರಬೇಕಾಗುತ್ತದೆ.